ಸಹಿ ಒಬ್ಬರದು, ಹೊಣೆ ಇನ್ನೊಬ್ಬರದು: ಗಡಿನಾಡಿನ ಎ.ಸಿ. ಕಂಟ್ರಾಕ್ಟರ್ ಮತ್ತು ಅಧಿಕಾರ ಪತ್ರ

ಮಾರ್ಚ್ ಕಳೆಯಿತೆಂದರೆ ಅನಂತಪುರ ಸೀಮೆಯಲ್ಲಿ ಎ.ಸಿ. ಕೆಲಸದವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಹಿಂದೂಪುರದ ಕಂಟ್ರಾಕ್ಟರ್ ಬೆಳಿಗ್ಗೆ ತೂಮುಕುಂಟ ಕೈಗಾರಿಕಾ ಪ್ರದೇಶದಲ್ಲಿದ್ದರೆ ಮಧ್ಯಾಹ್ನ ಪೆನುಕೊಂಡದ ಕಿಯಾ ಕಾರ್ಖಾನೆಯ ಆಸುಪಾಸಿನಲ್ಲಿ, ಸಂಜೆ ಗಡಿ ದಾಟಿ ಗೌರಿಬಿದನೂರಿನ ಯಾವುದೋ ನರ್ಸಿಂಗ್ ಹೋಮಿನಲ್ಲಿ. ಕಲ್ಯಾಣದುರ್ಗದವರ ಓಡಾಟ ಅನಂತಪುರ, ರಾಯದುರ್ಗ, ಪಾವಗಡ, ಚಳ್ಳಕೆರೆಗಳ ನಡುವೆ. ಗ್ಯಾಸ್ ತುಂಬುವುದು, ಕಂಪ್ರೆಸರ್ ಬದಲಿಸುವುದು, ಕೋಲ್ಡ್ ರೂಮಿಗೆ ಪ್ಯಾನೆಲ್ ಕೂಡಿಸುವುದು, ಚಳಿಗಾಲ ಬಂದರೆ ಗೀಸರ್ ಮತ್ತು ಸೋಲಾರ್ ಬಿಸಿನೀರಿನ ಕೆಲಸ ಎಲ್ಲವೂ ಹುಡುಗರ ಕೈಯಲ್ಲಿ ಆಗುತ್ತವೆ. ಆಗದಿರುವುದು ಸಹಿ. ಚೆಕ್ಕಿಗೆ, ಟೆಂಡರಿಗೆ, ಬ್ಯಾಂಕಿಗೆ, ಜಿಎಸ್‌ಟಿಗೆ ಮಾಲೀಕರದೇ ಸಹಿ ಬೇಕು. ಅವರು ಏಣಿಯಿಂದ ಬಿದ್ದು ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದರೆ, ಕೈತುಂಬ ಕೆಲಸವಿದ್ದೂ ಅಂಗಡಿ ನಿಂತುಹೋಗುತ್ತದೆ.

ಇಂಥ ದಿನಕ್ಕೆಂದು ಹೆಂಡತಿಗೋ ತಮ್ಮನಿಗೋ ಹತ್ತು ವರ್ಷ ಜೊತೆಗಿದ್ದ ಮೆಕ್ಯಾನಿಕ್‌ಗೋ 'ಒಂದು ಜಿಪಿಎ ಮಾಡಿಸಿಬಿಡಿ' ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಸಲಹೆ ಪೂರ್ತಿ ತಪ್ಪಲ್ಲ. ಆದರೆ ಜಿಪಿಎ, ಎಂದರೆ ಜನರಲ್ ಪವರ್ ಆಫ್ ಅಟಾರ್ನಿ ಎಂಬ ಸಾಮಾನ್ಯ ಅಧಿಕಾರ ಪತ್ರ, ನಮ್ಮಲ್ಲಿ ಬೆಳೆದದ್ದು ಜಮೀನು ಮತ್ತು ಸೈಟಿನ ವ್ಯವಹಾರದಲ್ಲಿ. ಅದೇ ನಮೂನೆಯನ್ನು ಹೆಸರು, ವಿಳಾಸ ಬದಲಿಸಿ ಎ.ಸಿ. ಕಂಟ್ರಾಕ್ಟರ್‌ಗೂ ಬರೆದುಕೊಡುತ್ತಾರೆ. ಹಾಗೆ ಬರೆದ ಪತ್ರ ಕೊಡಬಾರದ ಅಧಿಕಾರವನ್ನೆಲ್ಲ ಕೊಟ್ಟು, ಬೇಕಾದದ್ದನ್ನೇ ಬಿಟ್ಟಿರುತ್ತದೆ. ಈ ಕಸುಬಿನವರಿಗೆ ಕೆಲಸಕ್ಕೆ ಬರುವುದು ಕಿರಿದಾದ, ಅವಧಿ ಇರುವ, ಕೆಲಸಗಳನ್ನು ಹೆಸರಿಸಿ ಬರೆದ ಪತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೂ ಎಲ್ಲಿಯವರೆಗೆ ಕೈಹಿಡಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಕಾಯ್ದೆಯ ಮಾತನ್ನು ಮೊದಲು ಮುಗಿಸೋಣ. 1882ರಲ್ಲಿ ಅನಂತಪುರ ಬಳ್ಳಾರಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. ಪವರ್ಸ್ ಆಫ್ ಅಟಾರ್ನಿ ಕಾಯ್ದೆ ಬಂದದ್ದೂ ಅದೇ ವರ್ಷ. ಜಿಲ್ಲೆ 2022ರ ಏಪ್ರಿಲ್‌ನಲ್ಲಿ ಮತ್ತೆ ಒಡೆಯಿತು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಬೆರಳೆಣಿಕೆಯ ಕಲಮುಗಳ ಆ ಪುಟ್ಟ ಕಾಯ್ದೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇದೆ. ವಿಷಯದ ತಿರುಳಿರುವುದು 1872ರ ಕರಾರು ಕಾಯ್ದೆಯ ಹತ್ತನೆಯ ಅಧ್ಯಾಯದಲ್ಲಿ, 182ರಿಂದ 238ರವರೆಗಿನ ಕಲಮುಗಳಲ್ಲಿ. ಪ್ರಾಯಕ್ಕೆ ಬಂದ, ಬುದ್ಧಿ ಸ್ಥಿಮಿತವಿರುವ ಯಾರು ಬೇಕಾದರೂ ತನ್ನ ಪರವಾಗಿ ಇನ್ನೊಬ್ಬರನ್ನು ನೇಮಿಸಬಹುದು. ಅದಕ್ಕೆ ಪ್ರತಿಫಲವಾಗಿ ಹಣ ಕೊಡಲೇಬೇಕೆಂದಿಲ್ಲ. ಅಧಿಕಾರ ಪಡೆದವರು ಅದರ ಮಿತಿಯೊಳಗೆ ಮಾಡಿದ್ದೆಲ್ಲ ಕೊಟ್ಟವರೇ ಮಾಡಿದಂತೆ. ಕೇಳಿದಾಗ ಲೆಕ್ಕ ಒಪ್ಪಿಸುವುದು ಅಧಿಕಾರ ಪಡೆದವರ ಕರ್ತವ್ಯ ಎಂದು 213ನೆಯ ಕಲಮು ಹೇಳುತ್ತದೆ.

ಲೆಕ್ಕ ಎಂದಾಗ ಹಿಂದೂಪುರದವರಿಗೆ ಪಕ್ಕದ ಲೇಪಾಕ್ಷಿ ನೆನಪಾಗದೆ ಇರದು. ಪೆನುಕೊಂಡದಲ್ಲಿ ವಿಜಯನಗರದ ಖಜಾನೆ ನೋಡಿಕೊಳ್ಳುತ್ತಿದ್ದ ವಿರೂಪಣ್ಣ ಅಚ್ಯುತರಾಯನ ಅಪ್ಪಣೆಯಿಲ್ಲದೆ ಬೊಕ್ಕಸದ ಹಣದಲ್ಲಿ ವೀರಭದ್ರನ ಗುಡಿ ಕಟ್ಟಿಸಿದನೆಂದೂ, ಕಣ್ಣು ಕೀಳಿಸುವ ಶಿಕ್ಷೆ ಬರುವ ಮುಂಚೆ ತಾನೇ ಕಿತ್ತು ಗೋಡೆಗೆಸೆದನೆಂದೂ ಅಲ್ಲಿನ ಐತಿಹ್ಯ. ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಕಥೆಯಲ್ಲಿ ವಿರೂಪಣ್ಣ ಹಣವನ್ನು ಸ್ವಂತಕ್ಕೆ ಬಳಸಿಕೊಂಡವನಲ್ಲ. ತನ್ನ ಅಧಿಕಾರದ ಅಳತೆ ಮೀರಿ ಖರ್ಚು ಮಾಡಿದ, ಅಷ್ಟೆ. ಅಣ್ಣತಮ್ಮಂದಿರ ನಡುವೆ ಕೋರ್ಟು ಹತ್ತುವ ಎಷ್ಟೋ ವ್ಯಾಜ್ಯಗಳಲ್ಲಿ ಮೋಸಕ್ಕಿಂತ ಹೆಚ್ಚಾಗಿ ಇರುವುದು ಇಂಥ ಅಳತೆ ತಪ್ಪಿದ ನಂಬಿಕೆ.

ಜಿಪಿಎ ಹುಚ್ಚಿಗೆ ಸುಪ್ರೀಂ ಕೋರ್ಟು ಕಡಿವಾಣ ಹಾಕಿದ್ದು 2011ರ ಅಕ್ಟೋಬರ್‌ನಲ್ಲಿ, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ. ಜಿಪಿಎ, ಕರಾರು, ಉಯಿಲು ಮೂರನ್ನೂ ಸೇರಿಸಿ ಸೈಟು ಮಾರಿದರೆ ಮಾಲೀಕತ್ವ ವರ್ಗವಾಗುವುದಿಲ್ಲ ಎಂದಿತು. ಮನೆಯವರ ನಡುವೆ ವ್ಯವಹಾರ ನೋಡಿಕೊಳ್ಳಲು ಬರೆದುಕೊಡುವ ನಿಜವಾದ ಅಧಿಕಾರ ಪತ್ರಕ್ಕೆ ಆ ತೀರ್ಪಿನಿಂದ ಧಕ್ಕೆಯಿಲ್ಲ. ಆದರೂ ಬರೆಯುವ ರೂಢಿ ಬದಲಾಗಿಲ್ಲ. 'ನನ್ನ ಸಕಲ ಚರ ಸ್ಥಿರ ಆಸ್ತಿಗಳನ್ನು ಮಾರುವ, ಅಡವಿಡುವ...' ಎಂಬ ಸಾಲು ಎ.ಸಿ. ಅಂಗಡಿಯ ಪತ್ರಕ್ಕೂ ಬಂದು ಸೇರುತ್ತದೆ. ಬಿಲ್ ವಸೂಲಿಗೆ ಮನೆ ಮಾರುವ ಅಧಿಕಾರ ಏಕೆ ಬೇಕು? ಆ ಸಾಲನ್ನು ಹೊಡೆದುಹಾಕಿಸಿಯೇ ಸಹಿ ಮಾಡಬೇಕು.

ಹಾಗಾದರೆ ಬೇಕಾದದ್ದು ಯಾವುದು? ಮೊದಲನೆಯದು ಹಣ. ಈ ಕಸುಬಿನಲ್ಲಿ ಕೈಯಿಂದ ಹಾಕಿದ ದುಡ್ಡು ಬಹಳ ದಿನ ಹೊರಗೇ ಇರುತ್ತದೆ. ತಾಮ್ರದ ಪೈಪಿಗೂ ಕಂಪ್ರೆಸರಿಗೂ ಬೆಂಗಳೂರಿನ ಡೀಲರ್‌ಗೆ ಕೂಡಲೇ ಕೊಡಬೇಕು. ಕಾರ್ಖಾನೆಯಿಂದ ಬಿಲ್ ಬರುವುದು ತಡ, ಡೆಪಾಸಿಟ್ ಹಣ ಬರುವುದು ಇನ್ನೂ ತಡ. ಉದ್ಯಮ್ ನೋಂದಣಿ ಇರುವ ಸಣ್ಣ ಸೇವಾದಾರರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಬೆಂಬಲವಿದೆ. ಬರಹದ ಒಪ್ಪಂದವಿದ್ದರೂ ಪಾವತಿ 45 ದಿನ ಮೀರುವಂತಿಲ್ಲ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ವ್ಯಾಜ್ಯ ತೀರಿಸಲು ಪ್ರತ್ಯೇಕ ಮಂಡಳಿ. ಆದರೆ ಮಲಗಿದ ಮಾಲೀಕರ ಪರವಾಗಿ ಆ ಮಂಡಳಿಯ ಮುಂದೆ ಅರ್ಜಿ ಹಾಕುವವರು ಯಾರು? ಬಾಕಿ ಕೇಳುವ, ರಸೀದಿ ಕೊಡುವ, ನೋಟಿಸು ಕಳಿಸುವ, ಮಂಡಳಿಗೂ ಕೋರ್ಟಿಗೂ ಹೋಗುವ ಅಧಿಕಾರವನ್ನು ಒಂದೊಂದಾಗಿ ಹೆಸರಿಸಿರಬೇಕು. ಜೊತೆಗೆ ಒಂದು ಬಿಗಿ: ಹಣ ಬರುವುದು ಅಂಗಡಿಯ ಖಾತೆಗೇ, ಅಧಿಕಾರ ಪಡೆದವರ ಸ್ವಂತ ಖಾತೆಗಲ್ಲ. ಟಿಡಿಎಸ್ ಕಡಿತವಾಗುವುದು ಮಾಲೀಕರ ಪ್ಯಾನ್ ಮೇಲೆ. ಹಣ ಬೇರೆ ಕಡೆ ಹೋದರೆ ತೆರಿಗೆಯ ಲೆಕ್ಕವೂ ಸಂಸಾರದ ಲೆಕ್ಕವೂ ಒಟ್ಟಿಗೆ ಕೆಡುತ್ತವೆ.

ಬೌನ್ಸ್ ಆದ ಚೆಕ್ಕಿನ ವಿಷಯದಲ್ಲಿ ದಿನಗಳ ಲೆಕ್ಕ ಕಟ್ಟುನಿಟ್ಟು. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು, ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಮಾಲೀಕರು ಆಸ್ಪತ್ರೆಯಲ್ಲಿರುವಾಗ ಈ ದಿನಗಳು ಸುಮ್ಮನೆ ಕಳೆದುಹೋಗುತ್ತವೆ. ಅಧಿಕಾರ ಪತ್ರ ಹೊಂದಿದವರು ದೂರು ಕೊಡಬಹುದು ಎಂದು 2013ರಲ್ಲಿ ಎ.ಸಿ. ನಾರಾಯಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಸಾಕ್ಷಿ ಹೇಳಲು ಆ ವ್ಯವಹಾರದ ನೇರ ತಿಳಿವಳಿಕೆ ಇರಬೇಕು, ಅದನ್ನು ದೂರಿನಲ್ಲೇ ಬರೆದಿರಬೇಕು. ಮಾಲೀಕರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವರ ಬದಲಿಗೆ ನಿಂತು ಹೇಳಲು ಬಾರದು ಎಂಬುದು ಜಾನಕಿ ಭೋಜ್ವಾನಿ ಪ್ರಕರಣದಲ್ಲಿ 2004ರಲ್ಲೇ ತೀರ್ಮಾನವಾಗಿತ್ತು. ಇದರಿಂದ ಅಧಿಕಾರ ಯಾರಿಗೆ ಕೊಡಬೇಕೆಂಬ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ. ದೂರದ ಊರಿನ ಓದಿದ ಅಳಿಯನಿಗಿಂತ ದಿನವೂ ಬಿಲ್ ಪುಸ್ತಕ ಬರೆಯುವ ಹೆಂಡತಿ ಕೋರ್ಟಿನಲ್ಲಿ ಗಟ್ಟಿ ಸಾಕ್ಷಿ. ಈ ಊರುಗಳಲ್ಲಿ ಎಷ್ಟೋ ಅಂಗಡಿಗಳ ಲೆಕ್ಕ ಹೆಂಗಸರ ಕೈಯಲ್ಲೇ ಇದೆ. ಪತ್ರದಲ್ಲಿ ಮಾತ್ರ ಗಂಡಸರ ಹೆಸರು ಬರೆಸುವ ಅಭ್ಯಾಸ ಬಿಡುವುದು ವ್ಯವಹಾರಕ್ಕೇ ಒಳ್ಳೆಯದು.

ಸಹಿ ಹಾಕುವ ರೀತಿಯೂ ಮುಖ್ಯ. 'ಇಂಥವರ ಪರವಾಗಿ, ಅಧಿಕಾರ ಪತ್ರದ ಮೇರೆಗೆ' ಎಂದು ಬರೆದು ಸಹಿ ಮಾಡಿದರೆ ಹೊಣೆ ಅಂಗಡಿಯದು. ಯಾರ ಪರವಾಗಿ ಎಂದು ತಿಳಿಸದೆ ಬರೀ ತಮ್ಮ ಹೆಸರಿನಲ್ಲಿ ಕಂಪ್ರೆಸರ್ ಸಾಲ ತಂದರೆ, ಕರಾರು ಕಾಯ್ದೆಯ 230ನೆಯ ಕಲಮಿನ ಪ್ರಕಾರ ಆ ಸಾಲ ಸಹಿ ಮಾಡಿದವರ ತಲೆಗೇ ಬರಬಹುದು. ಸಾಲ ತರುವ ಅಧಿಕಾರಕ್ಕೆ ರೂಪಾಯಿಯ ಮಿತಿ ಹಾಕಿರಲೇಬೇಕು. ಅಧಿಕಾರ ಪಡೆದವರು ಅದನ್ನು ಮತ್ತೊಬ್ಬರಿಗೆ ದಾಟಿಸಲು ಸಾಮಾನ್ಯವಾಗಿ ಅವಕಾಶವಿಲ್ಲ, ಆದರೂ ಅದನ್ನು ಬಾಯಿಬಿಟ್ಟು ಬರೆಯುವುದೇ ಕ್ಷೇಮ.

ಜಿಎಸ್‌ಟಿಯ ವಿಚಾರದಲ್ಲಿ ಛಾಪಾ ಕಾಗದಕ್ಕಿಂತ ಪೋರ್ಟಲ್ ದೊಡ್ಡದು. ಅಧಿಕೃತ ಸಹಿದಾರರೆಂದು ಅಲ್ಲಿ ಇನ್ನೊಬ್ಬರ ಹೆಸರು ಸೇರಿಸದೆ ಹೋದರೆ ಓಟಿಪಿ ಹೋಗುವುದು ಮಲಗಿದವರ ಮೊಬೈಲಿಗೇ. ಹಿಂದೂಪುರದ ಅಂಗಡಿ ಗೌರಿಬಿದನೂರಿನ ಕಟ್ಟಡದಲ್ಲಿ ಯಂತ್ರ ಕೂರಿಸಿದರೆ ಅದು ಅಂತರರಾಜ್ಯ ಪೂರೈಕೆ, ಹಾಕಬೇಕಾದದ್ದು ಐಜಿಎಸ್‌ಟಿ. ಎ.ಸಿ.ಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಹೀಗೆ ದರ ಬದಲಾಗುವ ಹೊತ್ತಿನಲ್ಲಿ ಬಿಲ್ ಮಾಡುವವರಿಗೆ ಅಧಿಕಾರದ ಜೊತೆ ತಿಳಿವಳಿಕೆಯೂ ಇರಬೇಕಾಗುತ್ತದೆ. ಬ್ಯಾಂಕಿನದೂ ಇಂಥದೇ ಕಥೆ. ಪತ್ರ ಎಷ್ಟೇ ಚೆನ್ನಾಗಿದ್ದರೂ ಬ್ಯಾಂಕ್ ಅದನ್ನು ತನ್ನ ದಾಖಲೆಯಲ್ಲಿ ಸೇರಿಸಿಕೊಂಡಿರಬೇಕು. ಮಾಲೀಕರು ಆರೋಗ್ಯವಾಗಿದ್ದಾಗಲೇ ಇಬ್ಬರೂ ಹೋಗಿ ಆ ಕೆಲಸ ಮುಗಿಸಿಬರಬೇಕು.

ಪತ್ರದಿಂದ ದಾಟಿಸಲಾಗದ್ದೂ ಇದೆ. ವಿದ್ಯುತ್ ಕಾಮಗಾರಿಗೆ ಪರವಾನಗಿ ಪಡೆದ ಗುತ್ತಿಗೆದಾರರೇ ಬೇಕು, ಆ ಪರವಾನಗಿ ಕೊಡುವುದು ಆಯಾ ರಾಜ್ಯ. ಅದನ್ನು ಹೆಂಡತಿಗೋ ತಮ್ಮನಿಗೋ ಬರೆದುಕೊಡಲು ಬರುವುದಿಲ್ಲ. ಹೊಣೆಯೂ ಹಾಗೆಯೇ. ಎ.ಸಿ.ಗೆ ತುಂಬುವ ಆರ್-32 ಅನಿಲ ಹೊತ್ತಿಕೊಳ್ಳುವ ಗುಣ ಇರುವಂಥದು. ಅದನ್ನು ತುಂಬುವಾಗ ಅನಾಹುತವಾದರೆ 'ಅಧಿಕಾರ ತಮ್ಮನ ಕೈಯಲ್ಲಿತ್ತು' ಎಂಬ ಮಾತು ಮಾಲೀಕರನ್ನು ಕಾಪಾಡದು. ಕೊಟ್ಟ ಕೆಲಸದ ವ್ಯಾಪ್ತಿಯಲ್ಲಿ ಏಜೆಂಟ್, ಎಂದರೆ ಅಧಿಕಾರ ಪಡೆದವರು, ಮಾಡಿದ ಮೋಸವೂ ಮಾಲೀಕರನ್ನು ಕಟ್ಟಿಹಾಕುತ್ತದೆ ಎನ್ನುತ್ತದೆ ಕರಾರು ಕಾಯ್ದೆಯ 238ನೆಯ ಕಲಮು.

ಈಗ ಗಡಿಯ ಮಾತು. ಇಲ್ಲಿಯವರನ್ನು ಕಾಡುವ ತೊಡಕು ಮೂರು, ಅವುಗಳಲ್ಲಿ ಮೊದಲೆರಡು ಒಳನಾಡಿನವರಿಗೆ ಇಲ್ಲ. ಮೊದಲನೆಯದು ಭಾಷೆ. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ ಕಡೆಯವರ ಮನೆಮಾತು ಕನ್ನಡ. ಹಿಂದೂಪುರದ ಪೇಟೆಯಲ್ಲೂ ಕನ್ನಡ ನಡೆಯುತ್ತದೆ. ಪತ್ರ ಬರೆಯುವುದು ಮಾತ್ರ ತೆಲುಗಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಓದಲು ಬಾರದ ಲಿಪಿಯ ಪತ್ರಕ್ಕೆ ಬಾಯಿಮಾತಿನ ವಿವರಣೆ ಕೇಳಿ ಸಹಿ ಹಾಕುವುದು ಇಲ್ಲಿ ದಿನನಿತ್ಯದ ಸಂಗತಿ, ನನ್ನನ್ನು ಎಲ್ಲಕ್ಕಿಂತ ಕಳವಳಗೊಳಿಸುವುದೂ ಅದೇ. 1908ರ ನೋಂದಣಿ ಕಾಯ್ದೆಯ 19ನೆಯ ಕಲಮು ಒಂದು ದಾರಿ ತೋರುತ್ತದೆ. ನೋಂದಣಿ ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇಲ್ಲದ ಭಾಷೆಯ ಪತ್ರವನ್ನು ಸರಿಯಾದ ಅನುವಾದ ಮತ್ತು ನಕಲು ಜೊತೆಗಿದ್ದರೆ ಮಾತ್ರ ನೋಂದಾಯಿಸಬಹುದು. ಎಂದರೆ ಕನ್ನಡದಲ್ಲಿ ಬರೆದು ತೆಲುಗು ಅನುವಾದ ಸೇರಿಸಲು ಅಡ್ಡಿಯಿಲ್ಲ. ಅದು ತ್ರಾಸವೆನಿಸಿದರೆ ತೆಲುಗಿನಲ್ಲೇ ಬರೆಸಿ, ಕನ್ನಡದಲ್ಲಿ ಓದಿ ಹೇಳಿದ್ದನ್ನು ಕೇಳಿ ಒಪ್ಪಿದ್ದೇನೆ ಎಂಬ ಒಕ್ಕಣೆಯನ್ನು ಕನ್ನಡದಲ್ಲಿ ಸೇರಿಸಿ, ಓದಿ ಹೇಳಿದವರ ಸಹಿಯನ್ನೂ ಹಾಕಿಸಬೇಕು.

ಎರಡನೆಯದು ಛಾಪಾ ಶುಲ್ಕ. ಆಂಧ್ರದಲ್ಲಿ ನಡೆಯುವುದು 1899ರ ಕೇಂದ್ರ ಕಾಯ್ದೆ, ಅದಕ್ಕೆ ರಾಜ್ಯದ್ದೇ ದರಪಟ್ಟಿ. ಕರ್ನಾಟಕಕ್ಕೆ 1957ರ ತನ್ನದೇ ಕಾಯ್ದೆ. ಎಷ್ಟು ಜನರಿಗೆ ಅಧಿಕಾರ, ಒಂದೇ ವ್ಯವಹಾರಕ್ಕೋ ಹಲವಕ್ಕೋ, ಸ್ಥಿರಾಸ್ತಿ ಮಾರುವ ಅಧಿಕಾರ ಸೇರಿದೆಯೋ ಎಂಬುದರ ಮೇಲೆ ಶುಲ್ಕ ಏರಿಳಿಯುತ್ತದೆ. ಕಿರಿದಾದ ಪತ್ರಕ್ಕೆ ಖರ್ಚೂ ಕಡಿಮೆ ಎಂಬುದು ಇದರಿಂದ ಸಿಗುವ ಲಾಭ. ಹಿಂದೂಪುರದಲ್ಲಿ ಮಾಡಿಸಿದ ಪತ್ರವನ್ನು ಗೌರಿಬಿದನೂರಿನ ಕೋರ್ಟಿನಲ್ಲಿ ತೋರಿಸುವುದಾದರೆ ಕರ್ನಾಟಕದ ಶುಲ್ಕವೂ ಸಂದಿರಬೇಕು. ಪತ್ರ ರಾಜ್ಯದೊಳಗೆ ಬಂದ ಮೇಲೆ ಅದಕ್ಕೆ ಮೂರು ತಿಂಗಳ ಕಾಲಾವಕಾಶವಿದೆ. ಶುಲ್ಕ ಕಡಿಮೆ ಬಿದ್ದ ಪತ್ರ ದಂಡ ಕಟ್ಟುವವರೆಗೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ಮೂರನೆಯದು ನೋಟರಿಯೋ ನೋಂದಣಿಯೋ ಎಂಬ ಗೊಂದಲ. ಬಿಲ್ ವಸೂಲಿ, ಟೆಂಡರ್, ಜಿಎಸ್‌ಟಿಗೆ ನೋಟರಿಯ ಮುಂದೆ ಸಹಿ ಮಾಡಿ ದೃಢೀಕರಿಸಿಕೊಂಡ ಪತ್ರ ಸಾಮಾನ್ಯವಾಗಿ ಸಾಕು. ಅಂಥ ಪತ್ರ ಕ್ರಮವಾಗಿಯೇ ಆಗಿದೆ ಎಂದು ಕೋರ್ಟು ಭಾವಿಸಬೇಕೆಂದು ಸಾಕ್ಷ್ಯ ಕಾಯ್ದೆ ಹೇಳುತ್ತದೆ. ಆದರೆ ಅಂಗಡಿ ಮಳಿಗೆಯ ಕ್ರಯಪತ್ರವನ್ನೋ ದೀರ್ಘ ಗುತ್ತಿಗೆಯನ್ನೋ ಮಾಲೀಕರ ಪರವಾಗಿ ನೋಂದಣಿಗೆ ಹಾಜರುಪಡಿಸಬೇಕಾದರೆ, ಮಾಲೀಕರು ವಾಸವಿರುವ ಊರಿನ ಸಬ್ ರಿಜಿಸ್ಟ್ರಾರ್ ಎದುರಿಗೇ ಪತ್ರ ಬರೆದುಕೊಟ್ಟು ದೃಢೀಕರಿಸಿಕೊಳ್ಳಬೇಕು. ಹಾಸಿಗೆ ಹಿಡಿದವರು ಕಚೇರಿಗೆ ಬರಬೇಕೆಂದಿಲ್ಲ. ಅಧಿಕಾರಿಯೇ ಮನೆಗೋ ಆಸ್ಪತ್ರೆಗೋ ಬಂದು ನೋಡಬಹುದು, ಅಥವಾ ಅದಕ್ಕೆ ಒಬ್ಬರನ್ನು ನೇಮಿಸಿ ಕಳಿಸಬಹುದು ಎಂದು ನೋಂದಣಿ ಕಾಯ್ದೆಯ 33ನೆಯ ಕಲಮಿನಲ್ಲಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಇದೇ ಪ್ರಶ್ನೆಯನ್ನು ಗಿರಾಕಿಯ ಕಡೆಯಿಂದಲೂ ಒಮ್ಮೆ ನೋಡಬೇಕು. ಮಕ್ಕಳು ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಇದ್ದು ಊರಲ್ಲಿ ಮನೆ ಕಟ್ಟಿಸುತ್ತಿರುತ್ತಾರೆ. ಎ.ಸಿ., ಸೋಲಾರ್, ವಿದ್ಯುತ್ ಲೋಡ್ ಹೆಚ್ಚಿಸುವ ಅರ್ಜಿ ಎಲ್ಲಕ್ಕೂ ಸಹಿ ಬೇಕೆಂದು ಕಂಟ್ರಾಕ್ಟರ್ 'ಒಂದು ಪವರ್ ಕಳಿಸಿಬಿಡಿ' ಎನ್ನುತ್ತಾರೆ. ಇಲ್ಲಿ ಅಧಿಕಾರ ಪತ್ರವೇ ಹೆಚ್ಚಾಯಿತು. ಇಂಥ ಮನೆಯ ಇಂಥ ಮೀಟರಿನ ಲೋಡ್ ಹೆಚ್ಚಿಸುವ ಅರ್ಜಿಗೆ ಮಾತ್ರ, ಇಂಥ ದಿನಾಂಕದವರೆಗೆ ಎಂದು ಬರೆದ ಒಪ್ಪಿಗೆ ಪತ್ರ ಸಾಕಾಗುತ್ತದೆ. ಅದರಲ್ಲೂ ಹಣ ಪಡೆಯುವ, ಮನೆ ಬಾಡಿಗೆಗೆ ಕೊಡುವ ಮಾತು ಇರಬಾರದು. ಕಚೇರಿಯವರು ಅಧಿಕಾರ ಪತ್ರವೇ ಬೇಕೆಂದರೆ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಬಹುದು. ಹೊರದೇಶದಿಂದ ಬಂದ ಪತ್ರಕ್ಕೂ ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಬೇಕು.

ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವುದು ಕೊಡುವುದಕ್ಕಿಂತ ಕಷ್ಟ. ರದ್ದು ಪತ್ರ ಬರೆದ ಮಾತ್ರಕ್ಕೆ ಮುಗಿಯುವುದಿಲ್ಲ. ಕರಾರು ಕಾಯ್ದೆಯ 208ನೆಯ ಕಲಮಿನ ಪ್ರಕಾರ ರದ್ದಾದದ್ದು ಏಜೆಂಟ್‌ಗೆ ತಿಳಿದಾಗ ಅವರ ಮಟ್ಟಿಗೆ, ಹೊರಗಿನವರಿಗೆ ತಿಳಿದಾಗ ಹೊರಗಿನವರ ಮಟ್ಟಿಗೆ ಜಾರಿಗೆ ಬರುತ್ತದೆ. ಕೆಲಸ ಬಿಟ್ಟ ಮೆಕ್ಯಾನಿಕ್ ಹಳೆಯ ಪತ್ರ ತೋರಿಸಿ ಬೆಂಗಳೂರಿನಿಂದ ಸರಕು ತಂದರೆ, ಸುದ್ದಿ ತಿಳಿಯದ ಡೀಲರ್ ಹಣ ಕೇಳುವುದು ಮಾಲೀಕರನ್ನೇ. ಆದ್ದರಿಂದ ಪತ್ರ ಎಲ್ಲೆಲ್ಲಿ ಕೊಟ್ಟಿದೆ ಎಂಬ ಪಟ್ಟಿ ಅಂಗಡಿಯ ಪುಸ್ತಕದಲ್ಲಿರಬೇಕು, ರದ್ದು ಮಾಡಿದ ದಿನ ಅವರೆಲ್ಲರಿಗೂ ಸ್ಪೀಡ್ ಪೋಸ್ಟ್ ಹೋಗಬೇಕು. ಒಂದು ವರ್ಷಕ್ಕೆ ತಾನೇ ಮುಗಿಯುವ ಪತ್ರ ಬರೆದಿದ್ದರೆ ಈ ಕಷ್ಟದಲ್ಲಿ ಬಹುಪಾಲು ತಪ್ಪುತ್ತದೆ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಕಾಲು ಮುರಿದು ಮಲಗಿದ ಮಾಲೀಕರಿಗೆ ಈ ಪತ್ರ ಊರುಗೋಲು. ತಲೆಗೆ ಪೆಟ್ಟಾಗಿ ಪ್ರಜ್ಞೆ ಕಳೆದುಕೊಂಡವರಿಗೆ? ಕೊಟ್ಟವರು ಸತ್ತರೆ ಅಥವಾ ಬುದ್ಧಿಸ್ಥಿಮಿತ ಕಳೆದುಕೊಂಡರೆ ಅಧಿಕಾರ ಕೊನೆಗೊಳ್ಳುತ್ತದೆ ಎನ್ನುತ್ತದೆ 201ನೆಯ ಕಲಮು. ಪತ್ರದ ಅಗತ್ಯ ಅತಿ ಹೆಚ್ಚಾಗುವ ಗಳಿಗೆಯಲ್ಲೇ ಅದು ಬಿದ್ದುಹೋಗುತ್ತದೆ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆ ಪ್ರಜ್ಞೆ ಹೋದ ಮೇಲೂ ಉಳಿಯುವ ಅಧಿಕಾರ ಪತ್ರಕ್ಕೆ ಅವಕಾಶ ಮಾಡಿಕೊಟ್ಟಿತು. ಸಿಂಗಪುರ 2008ರಲ್ಲಿ ಅದೇ ಹಾದಿ ಹಿಡಿಯಿತು. ನಮ್ಮಲ್ಲಿ ಅಂಥದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿಷಯದಲ್ಲಿ ಮುಂಚಿತವಾಗಿ ಇಚ್ಛೆ ಬರೆದಿಡಲು ಅವಕಾಶ ಕೊಟ್ಟಿದೆ, ಹಣದ ವಿಷಯಕ್ಕೆ ಅದು ಅನ್ವಯಿಸದು. ಕೋಮಾದಲ್ಲಿರುವವರ ಮನೆಯವರಿಗೆ ಉಳಿದಿರುವುದು ಹೈಕೋರ್ಟು. 2019ರಲ್ಲಿ ಕೇರಳ ಹೈಕೋರ್ಟು ಇಂಥವರಿಗೆ ಪಾಲಕರನ್ನು ನೇಮಿಸಲು ಮಾರ್ಗಸೂಚಿ ರೂಪಿಸಿತು. 2024ರಲ್ಲಿ ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ ಕೋಮಾದಲ್ಲಿದ್ದ ಗಂಡನಿಗೆ ಹೆಂಡತಿಯನ್ನೇ ಪಾಲಕಿಯನ್ನಾಗಿ ಮಾಡಿ ಆಸ್ತಿ ಮಾರಲು ಅನುಮತಿ ಕೊಟ್ಟಿತು. ಗೌರಿಬಿದನೂರಿನ ಕುಟುಂಬಕ್ಕೆ ಹೈಕೋರ್ಟು ಹತ್ತಿರದ ಬೆಂಗಳೂರಿನಲ್ಲಿದೆ. ಕಲ್ಯಾಣದುರ್ಗದವರು ನೂರಾರು ಕಿಲೋಮೀಟರ್ ದೂರದ ಅಮರಾವತಿಗೆ ಹೋಗಬೇಕು. ಕೂಲಿ ಕೊಡಲು ಗಂಡನ ಖಾತೆಯಿಂದ ಹಣ ತೆಗೆಯಲಾಗದ ಹೆಣ್ಣುಮಗಳನ್ನು ಅಲ್ಲಿಗೆ ಓಡಾಡಿಸುವ ಕಾನೂನು ಬದಲಾಗಲೇಬೇಕು. ಸಂಸತ್ತು 201ನೆಯ ಈ ಒಂದು ಕಲಮನ್ನು ತಿದ್ದಿದರೆ ಎಷ್ಟೋ ಸಂಸಾರಗಳು ಉಸಿರಾಡುತ್ತವೆ.

ಅಲ್ಲಿಯವರೆಗೆ ಸ್ವಲ್ಪ ಆಸರೆ ಕರಾರು ಕಾಯ್ದೆಯ 209ನೆಯ ಕಲಮಿನಲ್ಲಿದೆ. ಮಾಲೀಕರು ತೀರಿಕೊಂಡಾಗ ಅಥವಾ ಪ್ರಜ್ಞೆ ತಪ್ಪಿದಾಗ, ತಮಗೆ ಒಪ್ಪಿಸಿದ್ದನ್ನು ಕಾಪಾಡಲು ಬೇಕಾದಷ್ಟು ಕ್ರಮವನ್ನು ಏಜೆಂಟ್ ಮನೆಯವರ ಪರವಾಗಿ ತೆಗೆದುಕೊಳ್ಳಲೇಬೇಕು. ಅರ್ಧಕ್ಕೆ ನಿಂತ ಕೋಲ್ಡ್ ರೂಮಿನ ಸರಕು ಕೆಡದಂತೆ ನೋಡುವುದು, ಸೈಟಿನಲ್ಲಿರುವ ಯಂತ್ರ ಕಳುವಾಗದಂತೆ ಸಾಗಿಸುವುದು ಇಂಥ ಕ್ರಮಗಳು. ಹೊಸ ಕೆಲಸ ಹಿಡಿಯುವುದು, ಖಾತೆಯಿಂದ ಹಣ ತೆಗೆಯುವುದು ಇದರಲ್ಲಿ ಸೇರುವುದಿಲ್ಲ.

ಅಂಗಡಿ ಮಾಲೀಕರ ಜೊತೆಗೇ ಮುಗಿಯಬಾರದು ಎನ್ನುವವರು ಬದಲಿಸಬೇಕಾದದ್ದು ಅಂಗಡಿಯ ಸ್ವರೂಪವನ್ನೇ. ಒಬ್ಬರ ಹೆಸರಿನ ವ್ಯವಹಾರ ಅವರ ಜೊತೆ ಹೋಗುತ್ತದೆ. ಜಿಎಸ್‌ಟಿ ನೋಂದಣಿ ರದ್ದಾಗಿ ವಾರಸುದಾರರು ಹೊಸದು ಪಡೆಯಬೇಕು, ಮುಂದುವರಿಸಿದರೆ ಹಳೆಯ ತೆರಿಗೆ ಬಾಕಿಯೂ ಅವರದೇ. ಪಾಲುದಾರಿಕೆಯಲ್ಲಿ ಪ್ರತಿ ಪಾಲುದಾರರೂ ಫರ್ಮಿನ ಏಜೆಂಟ್ ಎಂದು 1932ರ ಕಾಯ್ದೆಯೇ ಹೇಳುವುದರಿಂದ ದಿನದ ಕೆಲಸಕ್ಕೆ ಬೇರೆ ಪತ್ರ ಬೇಕಿಲ್ಲ. ಅದರ ಬೆಲೆಯೆಂದರೆ ಸಾಲಕ್ಕೂ ಎಲ್ಲರೂ ಹೊಣೆ. ಗಂಡಹೆಂಡಿರು ಇಬ್ಬರೇ ಪಾಲುದಾರರಾದರೆ ಒಬ್ಬರು ತೀರಿಕೊಂಡ ದಿನವೇ ಫರ್ಮ್ ಮುಗಿಯುತ್ತದೆ. ಮುಂದುವರಿಯಬೇಕೆಂದು ಪಾಲುದಾರಿಕೆ ಪತ್ರದಲ್ಲಿ ಬರೆದಿದ್ದರೂ ಇಬ್ಬರ ಫರ್ಮಿಗೆ ಅದು ನಡೆಯದು ಎಂದು ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ 1965ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಹಾಗಾಗಿ ತಮ್ಮನನ್ನೋ ಹದಿನೆಂಟು ತುಂಬಿದ ಮಗಳನ್ನೋ ನಂಬಿಕೆಯ ಹಳೆಯ ಮೆಕ್ಯಾನಿಕ್‌ನನ್ನೋ ಮೂರನೆಯವರಾಗಿ ಸೇರಿಸಿಕೊಂಡು, ಒಬ್ಬರು ಹೋದರೂ ಉಳಿದವರು ಫರ್ಮ್ ನಡೆಸುತ್ತಾರೆ ಎಂದು ಬರೆಸಬೇಕು. ಖಾತೆ, ಪರವಾನಗಿ, ನಡೆಯುತ್ತಿರುವ ವಾರ್ಷಿಕ ನಿರ್ವಹಣೆಯ (ಎ.ಎಂ.ಸಿ.) ಒಪ್ಪಂದಗಳನ್ನು ಒಂದೊಂದಾಗಿ ಫರ್ಮಿನ ಹೆಸರಿಗೆ ತರಬೇಕು. ಈ ಓಡಾಟಕ್ಕೆ ಕೆಲವು ತಿಂಗಳು ಹಿಡಿಯುತ್ತದೆ; ಗಿರಾಕಿಗಳ ಫೋನು ಕಡಿಮೆಯಿರುವ ನವೆಂಬರ್, ಡಿಸೆಂಬರ್ ಅದಕ್ಕೆ ಸರಿಯಾದ ಕಾಲ.